ದೊಡ್ಡ ಟೆಕ್ ಕಂಪನಿಗೆ ದಿಕ್ಕು ಗೊತ್ತು ಮಾಡುವುದು ಹೇಗೆ? ಟೀಮಿನಲ್ಲಿ ಸಿಕ್ಕಿಕೊಂಡವರಿಗೆ ಒಂದು ಮಾರ್ಗದರ್ಶಿ

ಕೆಲವು ತಿಂಗಳಿಂದ ಒಂದೇ ಪ್ರಶ್ನೆ ಮತ್ತೆ ಮತ್ತೆ ಬರುತ್ತಿದೆ. "ಸರ್, ಮುಂದಿನ ಮೂರು ವರ್ಷದ ಸ್ಟ್ರಾಟಜಿ ತಯಾರು ಮಾಡಿ ಅಂತ ಮ್ಯಾನೇಜ್‌ಮೆಂಟ್ ಹೇಳಿದೆ. ನನ್ನನ್ನೂ ಆ ಟೀಮಿಗೆ ಹಾಕಿದ್ದಾರೆ. ಎಲ್ಲಿಂದ ಶುರು ಮಾಡೋದು?" ಕೇಳುವವರಲ್ಲಿ ಬೆಳಗಾವಿಯವರೇ ಜಾಸ್ತಿ. ಟಿಳಕವಾಡಿಯ ಮನೆಯಲ್ಲಿ ಕೂತು ಬೆಂಗಳೂರು, ಪುಣೆ ಕಂಪನಿಗಳಿಗೆ ಕೆಲಸ ಮಾಡುವವರಿದ್ದಾರೆ. ಇಲ್ಲಿನ ಎಂಜಿನಿಯರಿಂಗ್ ಸರ್ವಿಸಸ್ ಆಫೀಸುಗಳಲ್ಲಿ ಮ್ಯಾನೇಜರ್ ಆದವರಿದ್ದಾರೆ. ವಿಟಿಯುನಲ್ಲಿ ಎಂಬಿಎ ಮಾಡುತ್ತಿರುವ ಹುಡುಗ ಹುಡುಗಿಯರೂ ಇದ್ದಾರೆ. ಒಬ್ಬೊಬ್ಬರಿಗೇ ಉತ್ತರ ಬರೆದು ಸಾಕಾಯಿತು. ಅದಕ್ಕೇ ಎಲ್ಲವನ್ನೂ ಒಂದೇ ಕಡೆ ಬರೆದಿದ್ದೇನೆ.

ಶುರುವಿಗೆ ಮುಂಚೆ ಒಂದು ಶಬ್ದದ ಅರ್ಥ ನೆಟ್ಟಗಾಗಲಿ. "ಮೂರು ವರ್ಷದಲ್ಲಿ ಆದಾಯ ದುಪ್ಪಟ್ಟು" ಅಂತ ಬರೆದರೆ ಅದು ಆಸೆ. ಸ್ಟ್ರಾಟಜಿ ಅಂದರೆ ದುಡ್ಡು ಮತ್ತು ಒಳ್ಳೆಯ ಜನರನ್ನು ಎಲ್ಲಿ ಹಾಕುತ್ತೇವೆ, ಅದಕ್ಕಾಗಿ ಏನನ್ನು ಬಿಡುತ್ತೇವೆ, ಯಾಕೆ ಎಂಬ ತೀರ್ಮಾನ. ಈ ಮೂರರಲ್ಲಿ ಒಂದು ಇಲ್ಲದಿದ್ದರೂ ನಿಮ್ಮ ಕೈಯಲ್ಲಿರುವುದು ಬರೀ ಚೆಂದದ ಕಾಗದ.

ಏನೇನು ಬೇಕು?

ಹಿಂದಿನ ಮೂರು ವರ್ಷದ ಲೆಕ್ಕ ಬೇಕು. ಇಡೀ ಕಂಪನಿಯ ಒಟ್ಟು ಲೆಕ್ಕ ಸಾಲದು, ಒಂದೊಂದು ವ್ಯವಹಾರದ್ದು ಬೇರೆ ಬೇರೆ ಬೇಕು. ಬಿಟ್ಟುಹೋದ ಗ್ರಾಹಕರ ಪಟ್ಟಿ ಬೇಕು. ಐದರಿಂದ ಏಳು ಜನರ ಟೀಮ್, ಅದರಲ್ಲಿ ಫೈನಾನ್ಸ್‌ನವರು ಒಬ್ಬರು ಕಡ್ಡಾಯ. ಎಂಟರಿಂದ ಹತ್ತು ವಾರ ಸಮಯ. ಇವೆಲ್ಲಕ್ಕಿಂತ ಮುಖ್ಯವಾಗಿ, ಕೊನೆಗೆ "ಇದು ಬೇಡ" ಅಂತ ಹೇಳುವ ಅಧಿಕಾರ ಇರುವ ಒಬ್ಬ ವ್ಯಕ್ತಿ. ಅವರು ತಿಂಗಳಿಗೊಮ್ಮೆ ಅರ್ಧ ಗಂಟೆ ಮಾತ್ರ ಸಿಗುತ್ತಾರೆ ಅಂತಾದರೆ ಈ ಕೆಲಸ ಒಪ್ಪಿಕೊಳ್ಳಬೇಡಿ. ಹುಡುಗಾಟಕ್ಕೆ ಹೇಳುತ್ತಿಲ್ಲ.

1. ಮೊದಲು ರೋಗ ಯಾವುದು ನೋಡಿ

ಬೆಳಗಾವಿಯ ಉದ್ಯಮಬಾಗದ ಫೌಂಡ್ರಿಗಳಿಗೆ, ಅಂದರೆ ಮರಳಿನ ಅಚ್ಚಿಗೆ ಕರಗಿದ ಕಬ್ಬಿಣ ಹೊಯ್ಯುವ ಎರಕದ ಕಾರ್ಖಾನೆಗಳಿಗೆ, ಹೋದವರಿಗೆ ಗೊತ್ತು, ಅಂಗಳದ ಮೂಲೆಯಲ್ಲಿ ರಿಜೆಕ್ಟ್ ಆದ ಕಾಸ್ಟಿಂಗ್‌ಗಳ (ಎರಕದ ತುಂಡುಗಳ) ಗುಡ್ಡೆ ಇರುತ್ತದೆ. ಹೊಸಬರು ಎಲ್ಲದಕ್ಕೂ "ಮರಳು ಸರಿ ಇಲ್ಲ" ಅನ್ನುತ್ತಾರೆ. ಅಚ್ಚು ಮಾಡುವ ಹಳೆಯ ಮೋಲ್ಡರ್ ಒಬ್ಬರು ಮಾಡಿದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ. ಒಂದು ಕಾಸ್ಟಿಂಗ್ ಎತ್ತಿ, ಸುತ್ತಿಗೆಯಿಂದ ಒಡೆದು, ಒಳಗೆ ಬೆರಳಾಡಿಸಿದರು. ಒಳಗೆ ನುಣುಪಾದ ದುಂಡನೆಯ ತೂತುಗಳಿದ್ದವು. "ಇದು ಗ್ಯಾಸ್ ನೋಡ್ರಿ. ಉಸುಕಿನ್ಯಾಗ ಪಸಿ ಜಾಸ್ತಿ ಆಗೇತಿ." ಇನ್ನೊಂದನ್ನು ತೋರಿಸಿದರು. ಅದರ ಅಂಚು ತುಂಬಿರಲೇ ಇಲ್ಲ. "ಇದರಾಗ ಉಸುಕಿನ ತಪ್ಪಿಲ್ಲ. ಹೊಯ್ಯೂ ಹೊತ್ತಿಗೆ ಕಬ್ಬಿಣ ತಣ್ಣಗಾಗಿತ್ತು." ಗುಡ್ಡೆ ಒಂದೇ, ರೋಗ ಎರಡು, ಮದ್ದೂ ಎರಡು.

ಕಂಪನಿಯಲ್ಲೂ ಹೀಗೇ. "ಬೆಳವಣಿಗೆ ಕಡಿಮೆಯಾಗಿದೆ" ಅನ್ನುವುದು ಗುಡ್ಡೆ. ಅದನ್ನು ಒಡೆದು ನೋಡಬೇಕು. ಹೊಸ ಗ್ರಾಹಕರು ಬರುತ್ತಿಲ್ಲವೋ? ಹಳಬರು ಬಿಡುತ್ತಿದ್ದಾರೋ? ಗ್ರಾಹಕರು ಇದ್ದರೂ ಬೆಲೆ ಬೀಳುತ್ತಿದೆಯೋ? ಪ್ರಾಡಕ್ಟ್ ಚೆನ್ನಾಗಿದ್ದು ಸಮಯಕ್ಕೆ ಹೊರಗೆ ಬರುತ್ತಿಲ್ಲವೋ? ಬಿಟ್ಟುಹೋದ ಗ್ರಾಹಕರಲ್ಲಿ ಕನಿಷ್ಠ 15 ಜನರಿಗೆ ನೀವೇ ಫೋನ್ ಮಾಡಿ. ಸೇಲ್ಸ್‌ನವರನ್ನು ಕೇಳಿದರೆ "ಬೆಲೆ ಜಾಸ್ತಿ ಆಯ್ತು" ಅಂತಲೇ ಉತ್ತರ ಬರುತ್ತದೆ, ಯಾಕೆಂದರೆ ಆ ಉತ್ತರದಲ್ಲಿ ಅವರ ತಪ್ಪಿರುವುದಿಲ್ಲ.

ರೋಗ ಸರಿಯಾಗಿ ಹಿಡಿದ ಉದಾಹರಣೆ ಬೇಕಾದರೆ ಐಬಿಎಂ ನೋಡಿ. 1993ರಲ್ಲಿ ಆ ಕಂಪನಿ ಸುಮಾರು 8 ಬಿಲಿಯನ್ ಡಾಲರ್ ನಷ್ಟದಲ್ಲಿತ್ತು. ಕಂಪನಿ ತೀರಾ ದೊಡ್ಡದಾಗಿದೆ, ತುಂಡು ಮಾಡಿ ಬೇರೆ ಬೇರೆ ಕಂಪನಿ ಮಾಡಬೇಕು ಅನ್ನುವ ತಯಾರಿ ನಡೆದಿತ್ತು. ಆಗ ಮುಖ್ಯಸ್ಥರಾಗಿ ಬಂದ ಲೂ ಗರ್ಸ್ಟ್‌ನರ್ ಕಂಪ್ಯೂಟರ್ ಕ್ಷೇತ್ರದವರಲ್ಲ, ಬಿಸ್ಕೆಟ್ ಮತ್ತು ಸಿಗರೇಟ್ ಮಾರುವ ಕಂಪನಿಯಿಂದ ಬಂದವರು. ಅವರು ದೊಡ್ಡ ಗ್ರಾಹಕರನ್ನು ಹೋಗಿ ಮಾತಾಡಿಸಿದರು. ಹತ್ತು ಕಡೆಯ ಯಂತ್ರ, ಸಾಫ್ಟ್‌ವೇರ್‌ಗಳನ್ನು ಒಟ್ಟಿಗೆ ಜೋಡಿಸಿಕೊಡುವವರು ಗ್ರಾಹಕರಿಗೆ ಬೇಕಾಗಿತ್ತು. ಅಂದರೆ ದೊಡ್ಡದಾಗಿರುವುದೇ ಐಬಿಎಂನ ಬಲ. ತುಂಡು ಮಾಡುವ ಯೋಜನೆ ನಿಂತಿತು, ಸರ್ವಿಸಸ್ ಬೆಳೆಯಿತು.

ಎಚ್ಚರಿಕೆ: ಈ ಹಂತದಲ್ಲಿ ಸ್ವಾಟ್ ಚಾರ್ಟ್ ಬಿಡಿಸಿ ಮುಗಿಸಬೇಡಿ. ಸ್ವಾಟ್ ಅಂದರೆ ಬಲ, ದೌರ್ಬಲ್ಯ, ಅವಕಾಶ, ಅಪಾಯ ಅಂತ ನಾಲ್ಕು ಚೌಕ ಮಾಡಿ ತುಂಬುವುದು. ಎಲ್ಲರಿಗೂ ಒಂದೊಂದು ಸಾಲು ಬರೆದ ಸಮಾಧಾನ ಸಿಗುತ್ತದೆ, ರೋಗ ಸಿಗುವುದಿಲ್ಲ.

2. ದುಡ್ಡು ಎಲ್ಲಿ ಹುಟ್ಟುತ್ತದೆ, ಎಲ್ಲಿಗೆ ಹೋಗುತ್ತದೆ?

ಕೋಟಿಗಳ ಲೆಕ್ಕ ತಲೆಗೆ ಹತ್ತುವುದಿಲ್ಲ. ಹಾಗಾಗಿ ಒಟ್ಟು ಆದಾಯ 100 ರೂಪಾಯಿ ಅಂದುಕೊಳ್ಳಿ. ಅರ್ಥ ಆಗಲಿ ಅಂತ ಒಂದು ಕಾಲ್ಪನಿಕ ಕಂಪನಿ ಕೊಡುತ್ತೇನೆ.

ಹಳೆಯ ಸಾಫ್ಟ್‌ವೇರ್ ಮತ್ತು ಅದರ ನಿರ್ವಹಣೆ: ಆದಾಯ 62 ರೂಪಾಯಿ, ಲಾಭ 17.
ಕ್ಲೌಡ್ ಸೇವೆ (ಇಂಟರ್‌ನೆಟ್ ಮೂಲಕ ಬಾಡಿಗೆಗೆ ಕೊಡುವ ಕಂಪ್ಯೂಟರ್, ಸಾಫ್ಟ್‌ವೇರ್): ಆದಾಯ 23, ಲಾಭ 1.
ಸ್ವಂತ ಬ್ರ್ಯಾಂಡಿನ ಗ್ಯಾಜೆಟ್‌ಗಳು: ಆದಾಯ 9, ನಷ್ಟ 6.
11 ಸಣ್ಣ ಪ್ರಯೋಗಗಳು: ಆದಾಯ 6, ನಷ್ಟ 3.

ಒಟ್ಟು ಲಾಭ 9 ರೂಪಾಯಿ. ಹೊರಗಿನಿಂದ ನೋಡಿದರೆ ಆರೋಗ್ಯವಾಗಿರುವ ಕಂಪನಿ. ಈಗ ಪಕ್ಕದಲ್ಲಿ ಇನ್ನೊಂದು ಕಾಲಂ ಹಾಕಿ. ಕಂಪನಿಯ ಅತ್ಯುತ್ತಮ 50 ಎಂಜಿನಿಯರುಗಳು ಎಲ್ಲಿದ್ದಾರೆ? ಈ ಕಂಪನಿಯಲ್ಲಿ 31 ಜನ ಕೊನೆಯ ಎರಡು ಸಾಲಿನಲ್ಲಿದ್ದಾರೆ. 17 ಜನ ಕ್ಲೌಡ್‌ನಲ್ಲಿ. ಮನೆ ನಡೆಸುತ್ತಿರುವ ಹಳೆಯ ಸಾಫ್ಟ್‌ವೇರ್‌ಗೆ ಇಬ್ಬರು! ಆ ಇಬ್ಬರೂ ಮುಂದಿನ ವರ್ಷ ಕೆಲಸ ಬಿಟ್ಟರೆ?

ನಿಜ ಹೇಳಬೇಕೆಂದರೆ ಈ ಎರಡನೇ ಕಾಲಂ ತುಂಬಿದ ದಿನವೇ ಅರ್ಧ ಸ್ಟ್ರಾಟಜಿ ಮುಗಿದಿರುತ್ತದೆ. ಮೀಟಿಂಗ್ ರೂಮಿನಲ್ಲಿ ಅದನ್ನು ಪರದೆಯ ಮೇಲೆ ಹಾಕಿದಾಗ ಯಾರೂ ಮಾತಾಡುವುದಿಲ್ಲ, ನೀರಿನ ಬಾಟಲಿಯ ಮುಚ್ಚಳ ತಿರುಗಿಸುತ್ತಾ ಕೂರುತ್ತಾರೆ.

ಇದರ ಜೊತೆ ಟೆಕ್ನಿಕಲ್ ಡೆಟ್ ಎಷ್ಟಿದೆ ನೋಡಿ. ಅವಸರದಲ್ಲಿ ಬರೆದು, ಆಮೇಲೆ ಸರಿಮಾಡೋಣ ಅಂತ ಬಿಟ್ಟ ಹಳೆಯ ಕೋಡಿನ ಸಾಲ ಅದು. ಬ್ಯಾಲೆನ್ಸ್ ಶೀಟಿನಲ್ಲಿ ಕಾಣುವುದಿಲ್ಲ, ಬಡ್ಡಿ ಮಾತ್ರ ದಿನಾ ಕಟ್ಟುತ್ತಿರುತ್ತೀರಿ. ಅಳೆಯುವ ಸುಲಭ ದಾರಿ ಇಷ್ಟೇ. ಒಂದು ಸಣ್ಣ ಬದಲಾವಣೆ ಮಾಡಿ ಗ್ರಾಹಕರಿಗೆ ತಲುಪಿಸಲು ಎಷ್ಟು ದಿನ ಹಿಡಿಯುತ್ತದೆ ಕೇಳಿ. ಮೂರು ವರ್ಷದ ಹಿಂದೆ ಎಷ್ಟು ಹಿಡಿಯುತ್ತಿತ್ತು, ಅದನ್ನೂ ಕೇಳಿ.

3. ನಮಗೆ ಸಲೀಸು, ಬೇರೆಯವರಿಗೆ ಕಷ್ಟ: ಅದು ಯಾವುದು?

ಇದನ್ನು ಬೇಗ ಹೇಳಿ ಮುಗಿಸುತ್ತೇನೆ. "ನಮ್ಮ ಜನರೇ ನಮ್ಮ ಬಲ" ಅಂತ ಬರೆದಿದ್ದರೆ ಹೊಡೆದುಹಾಕಿ, ಪಕ್ಕದ ಕಂಪನಿಯೂ ಅದನ್ನೇ ಬರೆದಿದೆ. ಬಲ ಅಂದರೆ ದುಡ್ಡು ಕೊಟ್ಟರೂ ಬೇರೆಯವರು ಎರಡು ವರ್ಷದೊಳಗೆ ಕಟ್ಟಲಾಗದ್ದು.

ನಮ್ಮ ಜಿಲ್ಲೆಯಲ್ಲೇ ಒಂದು ಉದಾಹರಣೆ ಇದೆ. ಹತ್ತರಗಿಯ ಎಸ್‌ಇಜೆಡ್‌ನಲ್ಲಿ (ವಿಶೇಷ ಆರ್ಥಿಕ ವಲಯ) ಏಕಸ್ ಕಂಪನಿ ವಿಮಾನದ ಬಿಡಿಭಾಗಗಳಿಗೆ ಬೇಕಾದ ಫೋರ್ಜಿಂಗ್ (ಲೋಹವನ್ನು ಒತ್ತಿ ಬಡಿದು ಆಕಾರ ಕೊಡುವುದು), ಮಷಿನಿಂಗ್ (ಯಂತ್ರದಲ್ಲಿ ಕೊರೆದು ಅಳತೆಗೆ ತರುವುದು), ಮೇಲ್ಮೈ ಸಂಸ್ಕರಣೆ ಎಲ್ಲವನ್ನೂ ಒಂದೇ ಆವರಣಕ್ಕೆ ತಂದಿತು. ಮಷಿನ್ ಯಾರು ಬೇಕಾದರೂ ಕೊಳ್ಳಬಹುದು. ಆ ಸರಪಳಿಯನ್ನು ಒಂದೇ ಕಡೆ ಕೂಡಿಸುವುದು ಕಷ್ಟ. ಜಪಾನಿನ ಫ್ಯೂಜಿಫಿಲ್ಮ್ ಕ್ಯಾಮೆರಾ ರೀಲು ಸತ್ತ ಮೇಲೂ ಬದುಕಿದ್ದು ಹೀಗೇ. ತನ್ನ ಬಲ ರೀಲಿನಲ್ಲಿಲ್ಲ, ರೀಲಿನ ಹಿಂದಿರುವ ರಸಾಯನಶಾಸ್ತ್ರದಲ್ಲಿದೆ ಅಂತ ಕಂಡುಕೊಂಡಿತು. ಎಲ್‌ಸಿಡಿ ಪರದೆಗೆ ಬೇಕಾದ ಫಿಲ್ಮ್, ಔಷಧ, ಸೌಂದರ್ಯವರ್ಧಕಗಳಿಗೆ ಹೋಯಿತು. ಅದೇ ರೀಲು ಮಾಡುತ್ತಿದ್ದ ಅಮೆರಿಕದ ಕೊಡಾಕ್‌ನ ಎಂಜಿನಿಯರ್ 1975ರಲ್ಲೇ ಡಿಜಿಟಲ್ ಕ್ಯಾಮೆರಾ ಮಾಡಿ ತೋರಿಸಿದ್ದರು. ಆದರೂ ಆ ಕಂಪನಿ 2012ರಲ್ಲಿ ದಿವಾಳಿ ಅರ್ಜಿ ಹಾಕಿತು.

4. ನಿಜವಾಗಿಯೂ ಬೇರೆ ಬೇರೆಯಾದ ಮೂರು ದಾರಿ ಬರೆಯಿರಿ

ಸಾಮಾನ್ಯವಾಗಿ ಟೀಮುಗಳು ಮೂರು ಆಯ್ಕೆ ತರುತ್ತವೆ. ಒಂದು ತೀರಾ ಹೆದರಿಕೆಯದ್ದು, ಒಂದು ಹುಚ್ಚಾಟದ್ದು, ನಡುವೆ ಮೊದಲೇ ಗೊತ್ತು ಮಾಡಿದ್ದು. ಬಾಸ್ ನಡುವಿನದ್ದನ್ನು ಆರಿಸುತ್ತಾರೆ, ಎಲ್ಲರೂ ಊಟಕ್ಕೆ ಹೋಗುತ್ತಾರೆ. ಇದು ಆಯ್ಕೆ ಅಲ್ಲ, ನಾಟಕ. ಮೂರೂ ದಾರಿಗಳಿಗೆ ಕಂಪನಿಯೊಳಗೆ ನಿಜವಾಗಿ ನಂಬುವ ಒಬ್ಬೊಬ್ಬರು ಇರಬೇಕು. ಅವರವರೇ ತಮ್ಮ ದಾರಿಯ ಪರ ವಾದಿಸಲಿ.

ಎಲ್ಲರೂ ಹಳೆಯ ವ್ಯವಹಾರಕ್ಕೇ ಅಂಟಿಕೊಂಡಿದ್ದರೆ ಒಂದು ಪ್ರಶ್ನೆ ಇದೆ. 1985ರಲ್ಲಿ ಚಿಪ್ ಕಂಪನಿ ಇಂಟೆಲ್‌ನಲ್ಲಿ ಅದರ ಅಧ್ಯಕ್ಷ ಆ್ಯಂಡಿ ಗ್ರೋವ್ ಅದನ್ನು ಸಿಇಒ (ಕಂಪನಿಯ ಮುಖ್ಯಸ್ಥ) ಗಾರ್ಡನ್ ಮೂರ್ ಅವರಿಗೆ ಕೇಳಿದರು. ನಮ್ಮಿಬ್ಬರನ್ನೂ ಬೋರ್ಡ್ ತೆಗೆದುಹಾಕಿ ಹೊಸಬರನ್ನು ತಂದರೆ ಅವರು ಮೊದಲು ಏನು ಮಾಡುತ್ತಾರೆ? (ಬೋರ್ಡ್ ಅಂದರೆ ಷೇರುದಾರರ ಪರವಾಗಿ ಮೇಲುಸ್ತುವಾರಿ ಮಾಡುವ ನಿರ್ದೇಶಕ ಮಂಡಳಿ.) ಮೆಮೊರಿ ಚಿಪ್ ವ್ಯವಹಾರ ಬಿಟ್ಟುಬಿಡುತ್ತಾರೆ ಅಂದರು ಮೂರ್. ಹಾಗಾದರೆ ಅದನ್ನು ನಾವೇ ಯಾಕೆ ಮಾಡಬಾರದು ಅಂತ ಇಬ್ಬರೂ ಕೂಡಿ ಮಾಡಿದರು. ಇಂಟೆಲ್ ಶುರುವಾಗಿದ್ದೇ ಮೆಮೊರಿ ಚಿಪ್‌ನಿಂದ. ಜಪಾನಿನ ಕಂಪನಿಗಳ ಮುಂದೆ ಅದರಲ್ಲಿ ದುಡ್ಡು ಉಳಿಯುತ್ತಿರಲಿಲ್ಲ. ಕಾರ್ಖಾನೆಗಳು ಮುಚ್ಚಿದವು, ಸಾವಿರಾರು ಜನ ಕೆಲಸ ಕಳೆದುಕೊಂಡರು, 1986ರಲ್ಲಿ ಕಂಪನಿ ನಷ್ಟ ಕಂಡಿತು. ಮುಂದೆ ಪ್ರೊಸೆಸರ್‌ನಲ್ಲಿ, ಅಂದರೆ ಕಂಪ್ಯೂಟರಿನ ಲೆಕ್ಕ ಮಾಡುವ ಚಿಪ್‌ನಲ್ಲಿ, ಅದು ಗಳಿಸಿದ್ದು ನಿಮಗೆ ಗೊತ್ತೇ ಇದೆ. ಆದರೆ ನಡುವಿನ ಆ ಒಂದೂವರೆ ಎರಡು ವರ್ಷದ ನೋವನ್ನು ನಿಮ್ಮ ಪ್ಲಾನಿನಲ್ಲಿ ಮುಚ್ಚಿಡಬೇಡಿ.

ಎಐ ಬಗ್ಗೆ ಎಲ್ಲರೂ ಕೇಳುತ್ತಾರೆ, ಇಲ್ಲೇ ಹೇಳಿಬಿಡುತ್ತೇನೆ. ಎಲ್ಲಾ ಸ್ಲೈಡಿಗೂ ಎಐ ಅಂಟಿಸಿದರೆ ಅದು ದಿಕ್ಕು ಆಗುವುದಿಲ್ಲ. ಒಂದೊಂದು ವ್ಯವಹಾರಕ್ಕೂ ಎರಡೇ ಪ್ರಶ್ನೆ ಹಾಕಿ. ಎಐನಿಂದ ಗ್ರಾಹಕರು ನಮಗೆ ಜಾಸ್ತಿ ಕೊಡುತ್ತಾರೋ, ಇಲ್ಲ ಕಡಿಮೆ ಕೊಡಿ ಅಂತ ಕೇಳುತ್ತಾರೋ? ತಲೆ ಲೆಕ್ಕದಲ್ಲಿ, ಗಂಟೆ ಲೆಕ್ಕದಲ್ಲಿ ಬಿಲ್ ಮಾಡುವ ಕಂಪನಿಯಲ್ಲಿದ್ದರೆ ಎರಡನೆಯದೇ ಮೊದಲು ಬರುತ್ತದೆ. ಅದನ್ನು ಬರೆಯಲು ಧೈರ್ಯ ಬೇಕು, ಬರೆಯಿರಿ.

5. ಬಿಡುವ ಪಟ್ಟಿ

ಎಲ್ಲರೂ ಎಡವುವುದು ಇಲ್ಲೇ. ನಾನೂ ಎಡವಿದ್ದೇನೆ. ಹಿಂದೆ ನಾನಿದ್ದ ಒಂದು ದೊಡ್ಡ ಕಂಪನಿಯಲ್ಲಿ ನಮ್ಮ ಟೀಮ್ 84 ಸ್ಲೈಡ್ ಮಾಡಿತ್ತು. ಹನ್ನೊಂದು "ಮೊದಲ ಆದ್ಯತೆ"ಗಳು. ಬಿಡುವ ಪಟ್ಟಿಯ ಸ್ಲೈಡ್‌ನಲ್ಲಿ "ಮುಂದಿನ ಹಂತದಲ್ಲಿ ಪರಿಶೀಲಿಸಲಾಗುವುದು" ಅಂತ ಒಂದೇ ಸಾಲು, ಅದನ್ನು ಬರೆದವನು ನಾನೇ. ಆ ವರ್ಷದ ಬಜೆಟ್ ಹಿಂದಿನ ವರ್ಷದ ಬಜೆಟ್ಟೇ ಆಗಿತ್ತು, ಎಲ್ಲ ಸಾಲಿಗೂ ಸ್ವಲ್ಪ ಸ್ವಲ್ಪ ಸೇರಿಸಿದ್ದರು ಅಷ್ಟೆ.

ಬಿಡುವುದು ಅಂದರೆ ಏನು ಅಂತ ಆ್ಯಪಲ್ ತೋರಿಸಿತು. 1997ರಲ್ಲಿ ಸ್ಟೀವ್ ಜಾಬ್ಸ್ ವಾಪಸ್ ಬಂದಾಗ ಆ ವರ್ಷದ ನಷ್ಟ 1 ಬಿಲಿಯನ್ ಡಾಲರ್ ದಾಟಿತ್ತು. ಕಂಪ್ಯೂಟರ್ ಮಾದರಿಗಳು ಎಷ್ಟಿದ್ದವೆಂದರೆ ಯಾವುದು ಯಾರಿಗೆ ಅಂತ ಹೇಳುವುದೇ ಕಷ್ಟವಾಗಿತ್ತು. ಅವರು ನಾಲ್ಕು ಮನೆಯ ಚೌಕ ಬರೆದರು. ಒಂದು ಕಡೆ ಸಾಮಾನ್ಯರು ಮತ್ತು ವೃತ್ತಿಪರರು, ಇನ್ನೊಂದು ಕಡೆ ಮೇಜಿನ ಮೇಲಿಡುವ ಕಂಪ್ಯೂಟರ್ ಮತ್ತು ಹೊತ್ತು ಒಯ್ಯುವ ಕಂಪ್ಯೂಟರ್. ಮನೆಗೊಂದರಂತೆ ನಾಲ್ಕು. ಉಳಿದವು ಹೋದವು. ನ್ಯೂಟನ್ ಎಂಬ ಕೈಕಂಪ್ಯೂಟರ್ 1998ರಲ್ಲಿ ನಿಂತಿತು, ಅದಕ್ಕೆ ಅಭಿಮಾನಿಗಳಿದ್ದರೂ. ಬೇರೆ ಕಂಪನಿಗಳಿಗೆ ಮ್ಯಾಕ್ ಮಾಡಲು ಕೊಟ್ಟಿದ್ದ ಲೈಸೆನ್ಸ್ ವ್ಯವಸ್ಥೆಗೂ ಅಷ್ಟೊತ್ತಿಗೆ ಬಾಗಿಲು ಹಾಕಿದ್ದರು. 1998ರಲ್ಲಿ ಐಮ್ಯಾಕ್ ಬಂತು, ಅದೇ ವರ್ಷ ಕಂಪನಿ ಲಾಭಕ್ಕೆ ಮರಳಿತು.

ಬಿಡಲಾಗದವರ ಕತೆ ನಮ್ಮ ಮನೆಗಳಲ್ಲೇ ಇದೆ, ಅಜ್ಜನ ಕೈಯಲ್ಲಿದ್ದ ಕೀಲಿ ಕೊಡುವ ಎಚ್‌ಎಂಟಿ. 1961ರಲ್ಲಿ ಜಪಾನಿನ ಸಿಟಿಜನ್ ಸಹಯೋಗದಲ್ಲಿ ಬೆಂಗಳೂರಿನಲ್ಲಿ ಶುರುವಾದ ವಾಚು. ಎಚ್‌ಎಂಟಿಗೆ ಕ್ವಾರ್ಟ್ಜ್, ಅಂದರೆ ಬ್ಯಾಟರಿಯಲ್ಲಿ ನಡೆಯುವ ವಾಚು, ಗೊತ್ತಿರಲಿಲ್ಲ ಅಂತಲ್ಲ. ಅದನ್ನೂ ಮಾಡಿತ್ತು. ಆದರೆ ಕೀಲಿ ವಾಚಿನ ಮೇಲಿನ ಕೈ ಬಿಡಲಿಲ್ಲ. 1984ರಲ್ಲಿ ಹುಟ್ಟಿದ ಟೈಟನ್ ಕ್ವಾರ್ಟ್ಜನ್ನೇ ನೆಚ್ಚಿಕೊಂಡು ಬಂತು. 2016ರಲ್ಲಿ ಎಚ್‌ಎಂಟಿ ವಾಚಸ್ ಮುಚ್ಚುವ ನಿರ್ಧಾರಕ್ಕೆ ಕೇಂದ್ರ ಸಂಪುಟ ಒಪ್ಪಿಗೆ ಕೊಟ್ಟಿತು. ಹೊಸದು ಗೊತ್ತಿರುವುದು ಬೇರೆ, ಹಳೆಯದರಿಂದ ಜನ ಮತ್ತು ದುಡ್ಡು ತೆಗೆದು ಹೊಸದಕ್ಕೆ ಹಾಕುವುದು ಬೇರೆ.

ಬಿಡುವಾಗ ನೆನಪಿಡಿ. ನಷ್ಟದ ವ್ಯವಹಾರ ನಿಲ್ಲಿಸಿದ ತಕ್ಷಣ ಆ ನಷ್ಟ, ನಮ್ಮ ಕಾಲ್ಪನಿಕ ಕಂಪನಿಯಲ್ಲಾದರೆ ಗ್ಯಾಜೆಟ್‌ಗಳ 6 ರೂಪಾಯಿ, ಉಳಿಯುವುದಿಲ್ಲ. ನೌಕರರ ಪರಿಹಾರ, ವಾರಂಟಿ, ಬಿಡಿಭಾಗದ ಸರಬರಾಜು, ಮುರಿಯುವ ಒಪ್ಪಂದಗಳ ದಂಡ ಎಲ್ಲ ಇರುತ್ತದೆ. ಮೊದಲ ವರ್ಷ ನಷ್ಟ ಜಾಸ್ತಿಯೇ ಆಗಬಹುದು. ಮೈಕ್ರೋಸಾಫ್ಟ್ 2014ರಲ್ಲಿ ನೋಕಿಯಾದ ಫೋನ್ ವ್ಯವಹಾರ ತೆಗೆದುಕೊಂಡಿತು. ಮರುವರ್ಷವೇ 7.6 ಬಿಲಿಯನ್ ಡಾಲರ್ ರೈಟ್ ಆಫ್ ಮಾಡಿತು, ಅಂದರೆ ಇದರ ಬೆಲೆ ಹೋಯಿತು ಅಂತ ಲೆಕ್ಕದಲ್ಲಿ ಒಪ್ಪಿಕೊಂಡಿತು. ಜೊತೆಗೆ 7,800 ಹುದ್ದೆ ಕಡಿತ ಘೋಷಿಸಿತು. ಹೊಸ ಸಿಇಒ ಸತ್ಯ ನಾದೆಲ್ಲ ಬಂದು ಆಗಿನ್ನೂ ಒಂದೂವರೆ ವರ್ಷ ಆಗಿರಲಿಲ್ಲ. ಆ ಕಂಪನಿಯ ಶಕ್ತಿ ಕ್ಲೌಡ್ ಕಡೆಗೆ ತಿರುಗಿದ್ದಕ್ಕೆ ಈ ಕಹಿ ಗುಳಿಗೆಯೂ ಒಂದು ಕಾರಣ ಅಂತ ನನ್ನ ಲೆಕ್ಕ.

6. ಒಂದು ಹಾಳೆ ಬರೆಯಿರಿ

ಸ್ಲೈಡ್ ಬೇಡ. ಅಮೆಜಾನ್ 2004ರಲ್ಲೇ ತನ್ನ ಹಿರಿಯರ ಮೀಟಿಂಗ್‌ಗಳಲ್ಲಿ ಪವರ್‌ಪಾಯಿಂಟ್ ನಿಲ್ಲಿಸಿ, ಪೂರ್ತಿ ವಾಕ್ಯಗಳಲ್ಲಿ ಬರೆದ ಟಿಪ್ಪಣಿ ತರಲು ಹೇಳಿತು. ಮೀಟಿಂಗ್‌ನ ಶುರುವಿಗೆ ಎಲ್ಲರೂ ಸುಮ್ನೆ ಕೂತು ಅದನ್ನು ಓದುತ್ತಾರೆ. ಬುಲೆಟ್ ಪಾಯಿಂಟಿನಲ್ಲಿ "ಕ್ಲೌಡ್ ಬಲಪಡಿಸುವುದು" ಅಂತ ಬರೆದು ಪಾರಾಗಬಹುದು. ವಾಕ್ಯದಲ್ಲಿ ಬರೆಯುವಾಗ ಯಾರು, ಎಷ್ಟು, ಯಾವಾಗ ಅಂತ ಕೈ ತಾನಾಗಿಯೇ ಹುಡುಕುತ್ತದೆ.

ನಮ್ಮ ಕಾಲ್ಪನಿಕ ಕಂಪನಿಯ ಹಾಳೆ ಹೀಗಿರಬಹುದು:

"ನಮ್ಮ ಹಳೆಯ ಸಾಫ್ಟ್‌ವೇರ್ ಬಳಸುವವರು ಕ್ಲೌಡ್‌ಗೆ ಹೋಗುತ್ತಿದ್ದಾರೆ, ಆದರೆ ನಮ್ಮ ಕ್ಲೌಡ್‌ಗೆ ಬರುತ್ತಿಲ್ಲ. ಡೇಟಾ ಸಾಗಿಸಲು ಏಳು ತಿಂಗಳು ಹಿಡಿಯುವುದೇ ಮುಖ್ಯ ಕಾರಣ. ಮುಂದಿನ ಮೂರು ವರ್ಷ ನಮ್ಮ ಕೆಲಸ ಒಂದೇ, ಈ ಏಳು ತಿಂಗಳನ್ನು ಆರು ವಾರಕ್ಕೆ ಇಳಿಸುವುದು. ಇದಕ್ಕಾಗಿ ಗ್ಯಾಜೆಟ್ ವ್ಯವಹಾರವನ್ನು ಒಂಬತ್ತು ತಿಂಗಳಲ್ಲಿ ನಿಲ್ಲಿಸುತ್ತೇವೆ. 11 ಪ್ರಯೋಗಗಳಲ್ಲಿ 2 ಉಳಿಯುತ್ತವೆ. ಅಲ್ಲಿಂದ 24 ಎಂಜಿನಿಯರುಗಳು ಸಾಗಣೆಯ ಕೆಲಸಕ್ಕೆ ಬರುತ್ತಾರೆ. ಮೊದಲ ವರ್ಷ ಲಾಭ 9 ರೂಪಾಯಿಯಿಂದ 5ಕ್ಕೆ ಇಳಿಯುತ್ತದೆ. ಹದಿನೆಂಟು ತಿಂಗಳಲ್ಲಿ ಸಾಗಣೆಯ ಸಮಯ ಮೂರು ತಿಂಗಳಿಗೆ ಬರದಿದ್ದರೆ ಈ ತೀರ್ಮಾನ ಮತ್ತೆ ಬೋರ್ಡ್ ಮುಂದೆ ಹೋಗುತ್ತದೆ."

ಇದರಲ್ಲಿ "ವಿಶ್ವದರ್ಜೆ", "ನಾವೀನ್ಯತೆ" ಇಲ್ಲ. ಕಂಪನಿಯ ಹೆಸರು ತೆಗೆದು ಪ್ರತಿಸ್ಪರ್ಧಿಯ ಹೆಸರು ಹಾಕಿ ಓದಿ ನೋಡಿ. ಅವರಿಗೂ ಹೊಂದಿದರೆ ಹಾಳೆ ಹರಿದು ಮತ್ತೆ ಬರೆಯಿರಿ.

7. ಬಜೆಟ್, ಜನ, ಬೋನಸ್

ಹಾಳೆ ಒಪ್ಪಿಗೆಯಾದ 30 ದಿನದೊಳಗೆ ಮೂರು ಆಗಬೇಕು. ಬಜೆಟ್‌ನಲ್ಲಿ ದುಡ್ಡು ಒಂದು ಸಾಲಿನಿಂದ ಇನ್ನೊಂದಕ್ಕೆ ಹೋಗಬೇಕು. ಹೆಸರು ಹಿಡಿದು ಜನ ಹೋಗಬೇಕು. "ಮಾರ್ಚ್ ಮುಗಿಯಲಿ" ಅನ್ನುವವರ ಮಾತು ಕೇಳಬೇಡಿ. ಮಾರ್ಚ್ ಮುಗಿದರೆ ಅಪ್ರೇಸಲ್ ಬರುತ್ತದೆ, ಅದು ಮುಗಿದರೆ ಇನ್ನೊಂದು.

ಮೂರನೆಯದು ಬೋನಸ್. ಡಿಪಾರ್ಟ್‌ಮೆಂಟ್‌ಗಳು ಕೂಡಿ ಕೆಲಸ ಮಾಡಿ ಅಂತ ಮೇಲೆ ಭಾಷಣ, ಕೆಳಗೆ ಒಬ್ಬರನ್ನೊಬ್ಬರು ಹಿಂದೆ ಹಾಕಿದರೆ ಮಾತ್ರ ಬೋನಸ್ ಅನ್ನುವ ನಿಯಮ. ಮೈಕ್ರೋಸಾಫ್ಟ್‌ನಲ್ಲಿ ಸ್ಟ್ಯಾಕ್ ರ‍್ಯಾಂಕಿಂಗ್ ಅಂತಿತ್ತು, ಅಂದರೆ ಟೀಮ್ ಎಷ್ಟೇ ಚೆನ್ನಾಗಿದ್ದರೂ ಅದರಲ್ಲಿ ಇಂತಿಷ್ಟು ಜನರನ್ನು ಕೆಳಗಿನ ದರ್ಜೆಗೆ ಹಾಕಲೇಬೇಕು. 2013ರ ನವೆಂಬರ್‌ನಲ್ಲಿ ಅದನ್ನು ಕೈಬಿಟ್ಟರು. ನಿಮ್ಮಲ್ಲೂ ಅಂಥ ನಿಯಮ ಇದ್ದರೆ, ಒಳ್ಳೆಯ ಎಂಜಿನಿಯರ್ ಇನ್ನೊಬ್ಬ ಒಳ್ಳೆಯ ಎಂಜಿನಿಯರ್ ಇರುವ ಟೀಮಿಗೆ ಬರುವುದೇ ಇಲ್ಲ.

8. ಜನರಿಗೆ ಹೇಳುವುದು

ಬೆಳಗಾವಿಯಂಥ ಊರಿನ ಬ್ರ್ಯಾಂಚ್‌ಗಳಲ್ಲಿ ಇರುವವರು ಇದನ್ನು ಗಮನವಿಟ್ಟು ಓದಿ. ಬೆಂಗಳೂರಿನಲ್ಲಿ ತೀರ್ಮಾನ ಆದ ಸಂಜೆಯೇ ಸುದ್ದಿ ಆರ್‌ಪಿಡಿ ಸರ್ಕಲ್‌ನ ಚಹಾದಂಗಡಿಗೆ ಬಂದಿರುತ್ತದೆ. ಅಧಿಕೃತ ಮೇಲ್ ಬರುವುದು ಎರಡು ವಾರ ಬಿಟ್ಟು. ಆ ಎರಡು ವಾರದಲ್ಲಿ ಮೊದಲು ಹೋಗುವವರು ಬೇರೆ ಕಡೆ ಸುಲಭವಾಗಿ ಕೆಲಸ ಸಿಗುವವರು, ಅಂದರೆ ನಿಮಗೆ ಬೇಕಾದವರೇ. ಹಾಗಾಗಿ ನಿಲ್ಲಿಸುವ ವ್ಯವಹಾರದ ಜನರಿಗೆ ಮೊದಲು ಹೇಳಿ, ಅದೇ ದಿನ ಹೇಳಿ, ಅವರವರ ಮ್ಯಾನೇಜರ್ ಎದುರಿಗೆ ಕೂತು ಹೇಳಲಿ. ಯಾರಿಗೆ ಬೇರೆ ಟೀಮಿನಲ್ಲಿ ಜಾಗ ಇದೆ, ಯಾರಿಗಿಲ್ಲ, ಕೊನೆಯ ದಿನ ಯಾವುದು, ಎಷ್ಟು ಪರಿಹಾರ, ಎಲ್ಲವೂ ಕೈಯಲ್ಲಿರಲಿ. "ಎಚ್‌ಆರ್ ನಿಮ್ಮನ್ನು ಸಂಪರ್ಕಿಸುತ್ತದೆ" ಅನ್ನುವ ವಾಕ್ಯ ಬಂದರೆ ತಯಾರಿ ಆಗಿಲ್ಲ ಅಂತಲೇ ಅರ್ಥ.

9. ಯಾವಾಗ ಬದಲಿಸಬೇಕು?

ಮೂರು ತಿಂಗಳಿಗೊಮ್ಮೆ ಹಾಳೆ ತೆಗೆದು ಓದಿ. ಸಂಖ್ಯೆ ಹಿಂದೆ ಬಿದ್ದ ಮಾತ್ರಕ್ಕೆ ದಿಕ್ಕು ಬದಲಿಸಬೇಡಿ. ಊಹೆ ಸುಳ್ಳಾಗಿದ್ದರೆ ಮಾತ್ರ ಬದಲಿಸಿ. ನಮ್ಮ ಉದಾಹರಣೆಯಲ್ಲಿ ಸಾಗಣೆ ಆರು ವಾರಕ್ಕೆ ಇಳಿದ ಮೇಲೂ ಗ್ರಾಹಕರು ಬರದಿದ್ದರೆ ರೋಗ ಹಿಡಿದದ್ದೇ ತಪ್ಪು. ಆಗ ಒಂದನೇ ಹಂತಕ್ಕೆ ವಾಪಸ್.

ಸರಿಯಾದ ದಿಕ್ಕೂ ಕೈ ಕೊಡುವುದುಂಟು, ಅದಕ್ಕೂ ಇಂಟೆಲ್ಲೇ ಉದಾಹರಣೆ. 2021ರಲ್ಲಿ ಅದು ಬೇರೆಯವರ ಚಿಪ್ ಮಾಡಿಕೊಡುವ ಫೌಂಡ್ರಿ ಆಗಲು ಹೊರಟಿತು. ನಮಗೆ ಫೌಂಡ್ರಿ ಅಂದರೆ ಎರಕದ ಕಾರ್ಖಾನೆ. ಚಿಪ್ ಲೋಕದಲ್ಲಿ ಬೇರೆಯವರ ಡಿಸೈನ್ ತೆಗೆದುಕೊಂಡು ಚಿಪ್ ತಯಾರಿಸಿ ಕೊಡುವ ಕಾರ್ಖಾನೆ. ತೈವಾನಿನ ಟಿಎಸ್‌ಎಂಸಿ 1987ರಿಂದ ಅದೊಂದೇ ಕೆಲಸ ಮಾಡುತ್ತಾ ಬಂದಿದೆ. ಇಂಟೆಲ್ ಕಾರ್ಖಾನೆಗಳಿಗೆ ಮೊದಲು ದುಡ್ಡು ಸುರಿಯಿತು, ಹೊರಗಿನ ದೊಡ್ಡ ಗ್ರಾಹಕರು ಅಷ್ಟು ಬೇಗ ಬರಲಿಲ್ಲ. 2024ರಲ್ಲಿ ನಷ್ಟ 18.8 ಬಿಲಿಯನ್ ಡಾಲರ್, ಡಿಸೆಂಬರ್‌ನಲ್ಲಿ ಸಿಇಒ ಹೊರಗೆ. 2025ರ ಮಾರ್ಚ್‌ನಲ್ಲಿ ಹೊಸ ಸಿಇಒ ಆಗಿ ಲಿಪ್-ಬು ಟಾನ್ ಬಂದರು. ದಿಕ್ಕು ತಪ್ಪೋ, ದುಡ್ಡು ಹಾಕಿದ ಕ್ರಮ ತಪ್ಪೋ? ನನ್ನ ಪ್ರಕಾರ ಎರಡನೆಯದು. ಆರ್ಡರ್ ಕೈಗೆ ಬರುವ ಮುಂಚೆ ಇಡೀ ಶೆಡ್ ಕಟ್ಟಿಸಿದರೆ ಉದ್ಯಮಬಾಗದಲ್ಲೂ ಬ್ಯಾಂಕಿನವರು ಬಾಗಿಲಿಗೆ ಬರುತ್ತಾರೆ.

ಹಾಗಾಗಿ ದೊಡ್ಡ ಖರ್ಚುಗಳನ್ನು ಕಂತಿನಲ್ಲಿ ಕಟ್ಟಿ. ಒಂದೊಂದು ಕಂತಿನ ಮುಂದೆಯೂ ಏನು ಕಂಡರೆ ಮುಂದಿನದು ಬಿಡುಗಡೆ ಅಂತ ಬರೆದಿಡಿ, ಫೈನಾನ್ಸ್‌ನವರ ಸಹಿ ಹಾಕಿಸಿ. ಮೊದಲ ಪರಿಶೀಲನೆಯ ತಾರೀಖನ್ನು ಹಾಳೆ ಒಪ್ಪಿಗೆಯಾದ ದಿನವೇ ಎಲ್ಲರ ಕ್ಯಾಲೆಂಡರಿಗೂ ಹಾಕಿ. ಆಮೇಲೆ ಹಾಕೋಣ ಅಂದರೆ ಯಾರಿಗೂ ಬಿಡುವು ಸಿಗುವುದಿಲ್ಲ.